ಹೆಚ್ಚು ಓಡಿದ ಟರ್ಬೊ ಡೀಸೆಲ್ ಕಾರಿನಲ್ಲಿ ಪಿಕಪ್ ಕುಸಿದರೆ: ದೋಷ ಪತ್ತೆ ಮತ್ತು ನಿವಾರಣೆಯ ಕ್ರಮ

ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ ಡೀಸೆಲ್ ಕಾರು ಶಿರಾಡಿ ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಎರಡನೇ ಗೇರು ಕೇಳತೊಡಗಿದಾಗ, ಅಥವಾ ಲಾರಿಯನ್ನು ಹಿಂದಿಕ್ಕಲು ಹೊರಟ ಅರ್ಧದಲ್ಲಿ ಎಳೆತ ಕೈಕೊಟ್ಟಾಗ, ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಮೊದಲ ಮಾತು ‘ಟರ್ಬೊ ಹೋಗಿದೆ’ ಎಂಬುದು. ಟರ್ಬೊ ಎಂದರೆ ಎಕ್ಸಾಸ್ಟ್ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚಿನ ಗಾಳಿಯನ್ನು ಒತ್ತಿ ತುಂಬುವ ಸಾಧನ. ಕೆಲವು ಕಾರುಗಳಲ್ಲಿ ಆ ಮಾತು ನಿಜವೂ ಹೌದು. ಆದರೆ ಟರ್ಬೊಗೆ ಗಾಳಿ ತರುವ ಕೊಳವೆ, ಅದನ್ನು ನಿಯಂತ್ರಿಸುವ ವ್ಯಾಕ್ಯೂಮ್ (ನಿರ್ವಾತ) ಪೈಪು, ಅದಕ್ಕೆ ಆಯಿಲ್ ಒದಗಿಸುವ ನಳಿಕೆ, ಇವುಗಳಲ್ಲಿ ಯಾವುದೇ ಒಂದು ಕೆಟ್ಟರೂ ಚಾಲಕನಿಗೆ ಕಾಣುವ ಲಕ್ಷಣ ಒಂದೇ ಬಗೆಯದು. ಟರ್ಬೊ ನಿಜವಾಗಿಯೇ ಸವೆದಿದ್ದರೂ ಅದು ಸವೆಯಲು ಕಾರಣವಾದದ್ದನ್ನು ಹುಡುಕದೆ ಹೊಸದನ್ನು ಕೂರಿಸಿದರೆ, ಹೊಸದೂ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ಇಲ್ಲಿನ ಪರೀಕ್ಷೆಗಳು ಅಗ್ಗದ್ದರಿಂದ ದುಬಾರಿಯದರ ಕಡೆಗೆ, ಬಿಚ್ಚದೆ ನೋಡಬಹುದಾದದ್ದರಿಂದ ಬಿಚ್ಚಿಯೇ ನೋಡಬೇಕಾದದ್ದರ ಕಡೆಗೆ ಸಾಗುತ್ತವೆ.

ಉದಾಹರಣೆಗೆ ಆರಿಸಿಕೊಂಡಿರುವುದು ನಮ್ಮ ರಸ್ತೆಗಳಲ್ಲಿ ಅತಿ ಹೆಚ್ಚು ಕಾಣಸಿಗುವ 1248 ಸಿಸಿಯ 1.3 ಮಲ್ಟಿಜೆಟ್ ಎಂಜಿನ್. ಫಿಯಟ್ ರೂಪಿಸಿದ ಈ ನಾಲ್ಕು ಸಿಲಿಂಡರಿನ, ಹದಿನಾರು ವಾಲ್ವಿನ ಎಂಜಿನ್ 2007ರಲ್ಲಿ ಮಾರುತಿ ಸ್ವಿಫ್ಟ್ ಡೀಸೆಲ್‌ನೊಂದಿಗೆ ಮನೆಮಾತಾಗಿ, ಮುಂದೆ ಡಿಜೈರ್, ಎರ್ಟಿಗಾ, ಸಿಯಾಜ್, ಬ್ರೆಝಾ, ಟಾಟಾ ವಿಸ್ಟಾ, ಫಿಯಟ್ ಪುಂಟೊ ಮತ್ತು ಲಿನಿಯಾಗಳಲ್ಲೂ ಸೇರಿಕೊಂಡು, 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಜಾರಿಗೆ ಬರುವ ಹೊತ್ತಿಗೆ ಹೊಸ ಕಾರುಗಳಿಂದ ಮರೆಯಾಯಿತು. 75 ಪಿಎಸ್ ಶಕ್ತಿಯ ರೂಪದಲ್ಲಿ ಸರಳವಾದ, ವೇಸ್ಟ್‌ಗೇಟ್ (ಹೆಚ್ಚಾದ ಎಕ್ಸಾಸ್ಟ್ ಹೊಗೆಯನ್ನು ಬದಿಗೆ ಬಿಡುವ ಬಾಗಿಲು) ಇರುವ ಟರ್ಬೊ ಇದೆ. 90 ಪಿಎಸ್ ರೂಪದಲ್ಲಿ ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಜೊತೆಗೆ, ಒಳಗಿನ ವೇನ್‌ಗಳ (ಸಣ್ಣ ರೆಕ್ಕೆಗಳ) ಕೋನ ಬದಲಾಗುವ ವಿಜಿಟಿ ಟರ್ಬೊ ಇದೆ. ಮುಂದೆ ಹೇಳುವುದು ಮುಖ್ಯವಾಗಿ ಈ ಎರಡನೆಯದಕ್ಕೆ ಸಂಬಂಧಿಸಿದ್ದು. ಪರೀಕ್ಷೆಯ ತರ್ಕ ಮಾತ್ರ ಬೇರೆ ಕಂಪನಿಗಳ ಕಾಮನ್ ರೇಲ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ) ಡೀಸೆಲ್‌ಗಳಿಗೂ ಬಹುಮಟ್ಟಿಗೆ ಒಪ್ಪುತ್ತದೆ.

ಟರ್ಬೊ ಮುಟ್ಟುವ ಮೊದಲು

ಎಳೆತ ಕಡಿಮೆಯಾಗಿದೆ ಎಂಬ ದೂರಿಗೆ ಎಂಜಿನ್ನೇ ಕಾರಣವೆಂದು ಮೊದಲೇ ತೀರ್ಮಾನಿಸಬಾರದು. ಖಾಲಿಯಾದ ಸಮತಟ್ಟು ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಆರ್‌ಪಿಎಂ ಮುಳ್ಳು ಸರ್ರನೆ ಏರಿ ವೇಗ ಮಾತ್ರ ಏರದಿದ್ದರೆ, ಜಾರುತ್ತಿರುವುದು ಕ್ಲಚ್ ಪ್ಲೇಟು. ಲಕ್ಷ ಕಿಲೋಮೀಟರ್ ದಾಟಿ ನಗರದ ದಟ್ಟಣೆಯಲ್ಲೇ ಓಡಿದ ಕಾರಿನಲ್ಲಿ ಇದು ಅಪರೂಪದ ಸಂಗತಿಯೇನೂ ಅಲ್ಲ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕು ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ; ಒಂದು ಚಕ್ರ ಮಾತ್ರ ಸುಡುವಷ್ಟು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ.

ಏರ್ ಫಿಲ್ಟರನ್ನು ಹೊರತೆಗೆದು ಬೆಳಕಿಗೆ ಹಿಡಿಯುವುದು ಎರಡು ನಿಮಿಷದ ಕೆಲಸ. ಡೀಸೆಲ್ ಫಿಲ್ಟರ್ ಯಾವಾಗ ಬದಲಾಯಿತೆಂಬ ದಾಖಲೆ ಇಲ್ಲದಿದ್ದರೆ ಚರ್ಚೆಗೆ ಹೋಗದೆ ಬದಲಾಯಿಸುವುದು ಉತ್ತಮ, ಅದರ ತಳದಲ್ಲಿ ಸೇರಿರುವ ನೀರನ್ನೂ ಬಸಿದು ನೋಡಬೇಕು. ಕಟ್ಟಿಕೊಂಡ ಡೀಸೆಲ್ ಫಿಲ್ಟರಿನ ಲಕ್ಷಣ ಟರ್ಬೊ ದೋಷವನ್ನೇ ಹೋಲುತ್ತದೆ: ಸಾಮಾನ್ಯ ಓಟದಲ್ಲಿ ಏನೂ ಗೊತ್ತಾಗುವುದಿಲ್ಲ, ಪೂರ್ತಿ ಭಾರದಲ್ಲಿ ಮಾತ್ರ ಎಂಜಿನ್ ಬಳಲುತ್ತದೆ. ವ್ಯತ್ಯಾಸವೆಂದರೆ ಡೀಸೆಲ್ ಸಾಲದೆ ಹೋದಾಗ ಕಪ್ಪು ಹೊಗೆ ಬರುವುದಿಲ್ಲ, ಗಾಳಿ ಸಾಲದೆ ಹೋದಾಗ ಬರುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು: ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸುವ ಹಳೆಯ ಪದ್ಧತಿಯನ್ನು ಕಾಮನ್ ರೇಲ್ ಎಂಜಿನ್ನಿನಲ್ಲಿ ಯಾರೂ ಪ್ರಯೋಗಿಸಬಾರದು. ಸಾವಿರ ಬಾರ್‌ಗೂ ಮೀರಬಲ್ಲ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ, ಅಂಥ ಗಾಯ ಸಣ್ಣದಾಗಿ ಕಂಡರೂ ತುರ್ತು ಶಸ್ತ್ರಚಿಕಿತ್ಸೆ ಬೇಡುತ್ತದೆ.

ಚಾಲಕನ ವಿವರಣೆಯಿಂದ ಸಿಗುವ ಸುಳಿವು

ಕಾರಿನ ಮಾಲೀಕರನ್ನು ಸರಿಯಾಗಿ ಪ್ರಶ್ನಿಸಿದರೆ ಅರ್ಧ ರೋಗ ಅಲ್ಲಿಯೇ ಗೊತ್ತಾಗುತ್ತದೆ. ಎಳೆತ ಎಲ್ಲ ಹೊತ್ತಿನಲ್ಲೂ ಕಡಿಮೆ ಇದ್ದು, ಆಕ್ಸಿಲರೇಟರ್ ಒತ್ತಿದಾಗ ಕಪ್ಪು ಹೊಗೆಯ ಜೊತೆಗೆ ‘ಸುಸ್ಸ್’ ಎಂಬ ಗಾಳಿಯ ಸದ್ದು ಕೇಳಿದರೆ ಒತ್ತಡದ ಗಾಳಿ ಎಲ್ಲೋ ಸೋರುತ್ತಿದೆ. ಎಳೆತ ಚೆನ್ನಾಗಿಯೇ ಇದ್ದು ಉದ್ದವಾದ ಏರಿನಲ್ಲಿ ಇದ್ದಕ್ಕಿದ್ದಂತೆ ಕಡಿತಗೊಂಡು, ಕಾರು ನಿಲ್ಲಿಸಿ ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಮೊದಲಿನಂತಾಗುವುದಾದರೆ, ಅದು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ತಾನೇ ಹೇರಿದ ನಿರ್ಬಂಧ, ಅಂದರೆ ಲಿಂಪ್ ಮೋಡ್. ತಾನು ಕೇಳಿದ್ದಕ್ಕಿಂತ ಹೆಚ್ಚು ಅಥವಾ ಕಡಿಮೆ ಗಾಳಿಯ ಒತ್ತಡ ಕೆಲವು ಸೆಕೆಂಡು ಮುಂದುವರಿದಾಗ ಎಂಜಿನ್ನನ್ನು ಉಳಿಸಲು ಇಸಿಯು ಹೀಗೆ ಮಾಡುತ್ತದೆ, ವಿಜಿಟಿ ವೇನ್‌ಗಳು ಮಸಿ ಹಿಡಿದು ಅಂಟಿಕೊಳ್ಳುವುದು ಇದರ ಪ್ರಸಿದ್ಧ ಕಾರಣ. ಇನ್ನು ಆರಂಭದ ಎಳೆತ ಸರಿಯಿದ್ದು 3,000 ಆರ್‌ಪಿಎಂ ದಾಟಿದ ಮೇಲೆ ಉಸಿರುಗಟ್ಟಿದಂತಾದರೆ ಇಂಧನದ ಕಡೆಗೂ, ಎಕ್ಸಾಸ್ಟ್ ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರಬಹುದಾದ ಕಡೆಗೂ ಸಂಶಯ ತಿರುಗಬೇಕು.

ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮಾತ್ರ ಕಾಣಿಸಿಕೊಂಡರೆ ವಾಲ್ವ್ ಸೀಲುಗಳನ್ನೂ, ಘಟ್ಟದಿಂದ ಇಳಿದು ಮತ್ತೆ ಆಕ್ಸಿಲರೇಟರ್ ಕೊಟ್ಟಾಗ ದಟ್ಟವಾಗಿ ಬಂದರೆ ಟರ್ಬೊವನ್ನೂ ಮೊದಲು ನೋಡಬೇಕು.

ಅಂಕಿಗಳನ್ನು ಓದುವುದು

ಡ್ಯಾಶ್‌ಬೋರ್ಡಿನ ಕೆಳಗಿನ ಒಬಿಡಿ (ದೋಷ ಪತ್ತೆಯ) ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ಅಡಾಪ್ಟರ್ ಮತ್ತು ಮೊಬೈಲ್ ಆಪ್ ಇದ್ದರೆ ಈ ಹಂತವನ್ನು ಮಾಲೀಕರೇ ನಡೆಸಬಹುದು. ಪಿ0299 ಎಂಬ ದೋಷದ ಕೋಡು ಬೂಸ್ಟಿನ (ಟರ್ಬೊ ಹುಟ್ಟಿಸುವ ಗಾಳಿಯ ಒತ್ತಡದ) ಕೊರತೆಯನ್ನು, ಪಿ0234 ಅತಿ ಬೂಸ್ಟನ್ನು, ಪಿ0087 ರೇಲ್‌ನಲ್ಲಿ ಇಂಧನದ ಒತ್ತಡ ಕಡಿಮೆಯಾದುದನ್ನು ಸೂಚಿಸುತ್ತದೆ. ಪಿ0299 ಬಂತೆಂದು ಟರ್ಬೊ ಆರ್ಡರ್ ಮಾಡುವುದು ಆತುರದ ಕೆಲಸ. ಕೋಡು ಫಲಿತಾಂಶವನ್ನಷ್ಟೇ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಕೋಡುಗಳನ್ನು ಬರೆದಿಟ್ಟುಕೊಂಡ ನಂತರವೇ ಅಳಿಸಬೇಕು. ಬರೆದುಕೊಳ್ಳದೆ ಅಳಿಸಿಬಿಡುವ ಅಭ್ಯಾಸ ನಮ್ಮಲ್ಲಿ ಬಹಳ ವ್ಯಾಪಕ.

ಮೊದಲು ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಮ್ಯಾಪ್ ಸೆನ್ಸರ್, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ) ಒತ್ತಡ ಅಳೆಯುವ ಸೆನ್ಸರ್, ಎಷ್ಟು ತೋರಿಸುತ್ತದೆಂದು ನೋಡಿ. ಆಗ ಅದು ಆ ಊರಿನ ವಾಯುಮಂಡಲದ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 91, ಮಡಿಕೇರಿಯಲ್ಲಿ 88ರ ಆಸುಪಾಸು. ಕರಾವಳಿಯವರು ಬರೆದ ‘100 ಇರಬೇಕು’ ಎಂಬ ಸಲಹೆಯನ್ನು ಓದಿ ಬೆಂಗಳೂರಿನಲ್ಲಿ ಒಳ್ಳೆಯ ಸೆನ್ಸರನ್ನು ಕಿತ್ತೆಸೆಯುವುದು ಬೇಡ. ಈ ಅಂಕಿಯೇ ತಪ್ಪಾಗಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಸೆನ್ಸರನ್ನು ಬಿಚ್ಚಿ, ತುದಿಗೆ ಅಂಟಿದ ಮಸಿಯನ್ನು ಮೃದುವಾಗಿ ತೆಗೆದು, ಮತ್ತೆ ನೋಡಬೇಕು.

ಅನಂತರ ವಾಹನ ಸಂಚಾರವಿಲ್ಲದ ಸಣ್ಣ ಏರಿನಲ್ಲಿ, ಪಕ್ಕದಲ್ಲಿ ಮೊಬೈಲ್ ಹಿಡಿದು ದಾಖಲಿಸಲು ಮತ್ತೊಬ್ಬರನ್ನು ಕೂರಿಸಿಕೊಂಡು, ಮೂರನೇ ಗೇರಿನಲ್ಲಿ 1,500 ಆರ್‌ಪಿಎಂನಿಂದ 3,500ರವರೆಗೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಎಳೆಯಬೇಕು. ಮ್ಯಾಪ್ ಒತ್ತಡ, ಮಾಫ್ ಸೆನ್ಸರ್ ಅಳೆಯುವ ಗಾಳಿಯ ಪ್ರಮಾಣ, ರೇಲ್ ಒತ್ತಡ ಮತ್ತು ಆರ್‌ಪಿಎಂ, ಈ ನಾಲ್ಕು ಸಾಕು. ಆರೋಗ್ಯವಂತ 90 ಪಿಎಸ್ ಎಂಜಿನ್ನಿನಲ್ಲಿ 2,000 ಆರ್‌ಪಿಎಂ ಕಳೆದ ಮೇಲೆ ಮ್ಯಾಪ್ ಅಂಕಿ ಬೇಗನೆ ಏರಬೇಕು. 130–140 ಕಿಲೋಪಾಸ್ಕಲ್‌ನಲ್ಲೇ ತೆವಳುತ್ತಿದ್ದರೆ ಬೂಸ್ಟ್ ಕೊರತೆ ಖಚಿತ. ಗಾಳಿಯ ಪ್ರಮಾಣಕ್ಕೆ ಒಂದು ಲೆಕ್ಕ ನೆನಪಿಟ್ಟುಕೊಂಡರೆ ಅನುಕೂಲ. 1248 ಸಿಸಿಯ ಎಂಜಿನ್ 3,000 ಆರ್‌ಪಿಎಂನಲ್ಲಿ ಟರ್ಬೊದ ನೆರವಿಲ್ಲದೆ ತಾನೇ ಎಳೆದುಕೊಳ್ಳಬಲ್ಲದ್ದು ಬೆಂಗಳೂರಿನ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 30 ಗ್ರಾಂ ಗಾಳಿ. ಬೂಸ್ಟ್ ಸರಿಯಿದ್ದರೆ ಈ ಅಂಕಿ 50 ದಾಟಲೇಬೇಕು.

ಎರಡು ಅಂಕಿಗಳನ್ನು ಒಟ್ಟಿಗಿಟ್ಟು ನೋಡುವುದರಲ್ಲಿ ಇಡೀ ಪತ್ತೆಯ ತಿರುಳಿದೆ. ಮಾಫ್ ಚೆನ್ನಾಗಿ ಏರಿ ಮ್ಯಾಪ್ ಮಾತ್ರ ಏರದಿದ್ದರೆ, ಗಾಳಿ ಒಳಗೆ ಬರುತ್ತಿದೆ, ಟರ್ಬೊ ಅದನ್ನು ತಳ್ಳುತ್ತಲೂ ಇದೆ, ಆದರೆ ಮ್ಯಾನಿಫೋಲ್ಡ್ ತಲುಪುವ ಮುನ್ನ ಅದು ಹೊರಹೋಗುತ್ತಿದೆ: ಸೋರಿಕೆಯನ್ನು ಹುಡುಕಿ. ಎರಡೂ ಒಟ್ಟಿಗೆ ಕೆಳಗಿದ್ದರೆ ಟರ್ಬೊ ಸಾಕಷ್ಟು ತಿರುಗುತ್ತಿಲ್ಲ: ವ್ಯಾಕ್ಯೂಮ್, ವೇನ್, ಎಕ್ಸಾಸ್ಟ್ ಕಡೆಗೆ ಹೋಗಿ. ಮ್ಯಾಪ್ ಸರಿಯಿದ್ದು ಮಾಫ್ ಕಡಿಮೆಯಿದ್ದರೆ ಮಾಫ್ ಸೆನ್ಸರ್ ಸುಳ್ಳು ಹೇಳುತ್ತಿದೆ, ಇಲ್ಲವೇ ಸುಟ್ಟ ಹೊಗೆಯ ಒಂದು ಭಾಗವನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವು ಮುಚ್ಚದೆ ಆ ಹೊಗೆ ಮ್ಯಾನಿಫೋಲ್ಡಿನಲ್ಲಿ ತಾಜಾ ಗಾಳಿಯ ಜಾಗ ಹಿಡಿಯುತ್ತಿದೆ. ಎರಡೂ ಸರಿಯಿದ್ದು ರೇಲ್ ಒತ್ತಡ ಏರದಿದ್ದರೆ ಟರ್ಬೊ ಮಾತೇ ಬೇಡ, ದೋಷ ಇಂಧನದ ಮಾರ್ಗದಲ್ಲಿದೆ.

ಸೋರಿಕೆ

ಟರ್ಬೊದಿಂದ ಇಂಟರ್‌ಕೂಲರಿಗೂ ಅಲ್ಲಿಂದ ಮ್ಯಾನಿಫೋಲ್ಡಿಗೂ ಹೋಗುವ ರಬ್ಬರ್ ಹೋಸುಗಳು ಹತ್ತು ವರ್ಷದ ಬಿಸಿಗೆ ಗಟ್ಟಿಯಾಗಿ, ಕ್ಲ್ಯಾಂಪ್ ಕಚ್ಚುವ ಅಂಚಿನಲ್ಲೇ ಸೀಳುತ್ತವೆ. ಈ ಸೀಳು ಎಂಜಿನ್ ನಿಂತಿದ್ದಾಗ ಕಣ್ಣಿಗೆ ಕಾಣುವುದಿಲ್ಲ. ಒಳಗಿನಿಂದ ಒತ್ತಡ ಬಿದ್ದಾಗ ಮಾತ್ರ ಬಾಯ್ದೆರೆಯುತ್ತದೆ. ಹಾಗಾಗಿ ಬಾನೆಟ್ ಎತ್ತಿ ನಿಂತಲ್ಲೇ ರೇಸ್ ಮಾಡಿ ‘ಎಲ್ಲ ಸರಿಯಿದೆ’ ಎನ್ನುವುದಕ್ಕೆ ಬೆಲೆಯಿಲ್ಲ, ಏಕೆಂದರೆ ಭಾರವಿಲ್ಲದೆ ಟರ್ಬೊ ಹೆಚ್ಚಿನ ಒತ್ತಡವನ್ನೇ ಹುಟ್ಟಿಸುವುದಿಲ್ಲ. ಹೋಸಿನ ಹೊರಮೈಯಲ್ಲಿ, ಮುಖ್ಯವಾಗಿ ಕೆಳಬದಿಯಲ್ಲಿ, ಧೂಳು ಅಂಟಿದ ಹೊಸ ಎಣ್ಣೆಯ ಪಸೆ ಇದೆಯೇ ಎಂದು ಬೆರಳಾಡಿಸಿ ನೋಡಿ. ಸೋರುವ ಗಾಳಿಯ ಜೊತೆ ಆಯಿಲ್ ಆವಿಯೂ ಹೊರಬರುವುದರಿಂದ ಪಸೆ ಇರುವ ಜಾಗವೇ ಸೀಳಿನ ಜಾಗ.

ಖಚಿತಪಡಿಸಿಕೊಳ್ಳಲು ಟರ್ಬೊದ ಗಾಳಿ ಒಳಬರುವ ಬಾಯಿಗೆ ಸರಿಯಾದ ಅಳತೆಯ ಮುಚ್ಚಳ ಕೂರಿಸಿ, ಅದರಲ್ಲಿ ಟೈರಿನ ವಾಲ್ವ್ ಅಳವಡಿಸಿ, ಕಂಪ್ರೆಸರಿನಿಂದ ಒಂದು ಬಾರ್ ಮೀರದಂತೆ ನಿಧಾನವಾಗಿ ಗಾಳಿ ತುಂಬಿ, ಎಲ್ಲ ಜೋಡಣೆಗಳಿಗೂ ಸೋಪಿನ ನೀರು ಸಿಂಪಡಿಸಿದರೆ ಗುಳ್ಳೆಗಳು ಜಾಗ ತೋರಿಸುತ್ತವೆ. ಮುಚ್ಚಳ ಸಿಡಿಯಬಹುದಾದ್ದರಿಂದ ಅದರ ಎದುರಿಗೆ ಮುಖ ಹಿಡಿಯಬಾರದು. ಇಂಟರ್‌ಕೂಲರ್ ಬಂಪರಿನ ಹಿಂದೆ ಕಲ್ಲಿನೇಟಿಗೆ ಸಿಗುವ ಜಾಗದಲ್ಲಿದ್ದರೆ ಅದರ ಅಲ್ಯೂಮಿನಿಯಂ ಮೂಲೆಗಳನ್ನೂ ಬಿಡದೆ ನೋಡಬೇಕು. ಸೀಳಿದ ಹೋಸಿಗೆ ಟೇಪು ಸುತ್ತಿ ಕಳಿಸುವುದು ಮನೆ ಸೇರಲು ಮಾತ್ರ ಸಾಕಾಗುತ್ತದೆ.

ವ್ಯಾಕ್ಯೂಮ್ ಮತ್ತು ವೇನ್‌ಗಳು

ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ರಭಸದಿಂದ ಚಿಮ್ಮುವಂತೆ, ಕಡಿಮೆ ಆರ್‌ಪಿಎಂನಲ್ಲಿ ಎಕ್ಸಾಸ್ಟ್ ಹೊಗೆ ಕಡಿಮೆಯಿರುವಾಗ ವಿಜಿಟಿಯ ವೇನ್‌ಗಳು ದಾರಿಯನ್ನು ಕಿರಿದಾಗಿಸಿ ಟರ್ಬೈನನ್ನು ರಭಸದಿಂದ ತಿರುಗಿಸುತ್ತವೆ, ಆರ್‌ಪಿಎಂ ಏರಿದಂತೆ ತೆರೆದುಕೊಳ್ಳುತ್ತವೆ. ಈ ಚಲನೆಗೆ ಬೇಕಾದ ವ್ಯಾಕ್ಯೂಮ್, ಬ್ರೇಕ್ ಬೂಸ್ಟರಿಗೂ ಶಕ್ತಿ ಕೊಡುವ ಪಂಪಿನಿಂದ ತೆಳುವಾದ ರಬ್ಬರ್ ಪೈಪುಗಳ ಮೂಲಕ ಒಂದು ಸೊಲೆನಾಯ್ಡಿಗೆ (ವಿದ್ಯುತ್ತಿನಿಂದ ನಡೆಯುವ ವಾಲ್ವಿಗೆ), ಅಲ್ಲಿಂದ ಕಡ್ಡಿ ಎಳೆದು ವೇನ್‌ಗಳನ್ನು ತಿರುಗಿಸುವ, ಟರ್ಬೊ ಮೇಲಿನ ಆಕ್ಚುಯೇಟರಿಗೆ ಬರುತ್ತದೆ. ಪೈಪು ಬಿರುಕು ಬಿಟ್ಟರೆ ವೇನ್‌ಗಳು ಪೂರ್ತಿ ತೆರೆದೇ ಉಳಿದು ಬೂಸ್ಟ್ ಹುಟ್ಟುವುದೇ ಇಲ್ಲ. ಕೆಲವೇ ರೂಪಾಯಿಯ ಈ ಪೈಪನ್ನು ನೋಡದೆ ಹತ್ತಾರು ಸಾವಿರದ ಟರ್ಬೊ ಬದಲಾಯಿಸಿದ ಪ್ರಕರಣಗಳು ಮೆಕ್ಯಾನಿಕ್‌ಗಳ ಮಾತುಕತೆಯಲ್ಲಿ ಆಗಾಗ ಬರುತ್ತವೆ.

ಪರೀಕ್ಷೆ ಹೀಗೆ: ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವಾಗ ಒಬ್ಬರು ಆಕ್ಚುಯೇಟರಿನ ಕಡ್ಡಿಯನ್ನು ನೋಡುತ್ತಿರಬೇಕು. ಸ್ಟಾರ್ಟ್ ಆದೊಡನೆ ಅದು ಒಳಕ್ಕೆ ಎಳೆದುಕೊಂಡು, ಆಫ್ ಮಾಡಿದಾಗ ಹಿಂದಿರುಗಬೇಕು. ಕಡ್ಡಿ ಅಲುಗದಿದ್ದರೆ ಪೈಪು ಬಿಚ್ಚಿ ಕೈಯಿಂದ ಒತ್ತುವ ವ್ಯಾಕ್ಯೂಮ್ ಪಂಪನ್ನು ನೇರವಾಗಿ ಆಕ್ಚುಯೇಟರಿಗೆ ಜೋಡಿಸಿ. ಗೇಜಿನ ಮುಳ್ಳು ಒಂದು ನಿಮಿಷವೂ ನಿಲ್ಲದೆ ಇಳಿದರೆ ಆಕ್ಚುಯೇಟರಿನ ಒಳಪೊರೆ ಹರಿದಿದೆ. ಮುಳ್ಳು ನಿಂತು ಕಡ್ಡಿಯೂ ಸರಾಗವಾಗಿ ಚಲಿಸಿದರೆ ತಪ್ಪು ಸೊಲೆನಾಯ್ಡಿನದೋ ಪೈಪಿನದೋ ಆಗಿರುತ್ತದೆ. ಕಡ್ಡಿ ಜಗ್ಗಿ ಜಗ್ಗಿ, ನಡುವೆ ತಡೆದು ತಡೆದು ಸಾಗಿದರೆ ವೇನ್‌ಗಳಿಗೆ ಮಸಿ ಹಿಡಿದಿದೆ.

ಮಸಿಯ ಮೂಲ ಬಹುಮಟ್ಟಿಗೆ ನಗರದ ಓಟ. ದಿನವೂ ನಾಲ್ಕೈದು ಕಿಲೋಮೀಟರ್ ಮಾತ್ರ, ಎಂದೂ 2,000 ಆರ್‌ಪಿಎಂ ದಾಟದೆ ಓಡುವ ಡೀಸೆಲ್ ಕಾರಿನಲ್ಲಿ ವೇನ್‌ಗಳು ಪೂರ್ತಿ ಚಲಿಸುವ ಅವಕಾಶವೇ ಬರುವುದಿಲ್ಲ. ದೋಷ ಆರಂಭದ ಹಂತದಲ್ಲಿದ್ದರೆ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೆದ್ದಾರಿಯಲ್ಲಿ ಕೆಳಗಿನ ಗೇರಿನಲ್ಲಿ 3,000 ಆರ್‌ಪಿಎಂ ಆಸುಪಾಸು ಅರ್ಧ ಗಂಟೆ ಓಡಿಸುವುದರಿಂದ ಸಡಿಲವಾಗುವುದುಂಟು. ಇಲ್ಲವಾದರೆ ಟರ್ಬೊ ಇಳಿಸಿ ಎಕ್ಸಾಸ್ಟ್ ಬದಿಯನ್ನು ಬಿಚ್ಚಿ ಸ್ವಚ್ಛ ಮಾಡಿಸಬೇಕು. ಆಗ ವೇನ್‌ಗಳ ಮಿತಿ ನಿಗದಿಪಡಿಸುವ ಸಣ್ಣ ಸ್ಕ್ರೂವನ್ನು ತಿರುಗಿಸದಂತೆ ಮೆಕ್ಯಾನಿಕ್‌ಗೆ ಸ್ಪಷ್ಟವಾಗಿ ಹೇಳಿ, ಏಕೆಂದರೆ ಆ ಸ್ಕ್ರೂವನ್ನು ಕಾರ್ಖಾನೆಯಲ್ಲಿ ಅಳೆದು ಕೂರಿಸಿರುತ್ತಾರೆ.

ಇಜಿಆರ್ ವಾಲ್ವು ಅಂಟಿಕೊಂಡಿದ್ದರೆ ಬಿಚ್ಚಿ ಸ್ವಚ್ಛ ಮಾಡಿದರೆ ಸಾಕು. ತಗಡು ಹೊಡೆದು ಅದನ್ನು ಶಾಶ್ವತವಾಗಿ ಮುಚ್ಚಿಸುವ ಸಲಹೆ ಧಾರಾಳವಾಗಿ ಸಿಗುತ್ತದೆ. ಅದು ಹೊಗೆ ನಿಯಂತ್ರಣದ ಭಾಗವನ್ನೇ ನಿಷ್ಕ್ರಿಯಗೊಳಿಸುವ ಕೆಲಸವಾದ್ದರಿಂದ ಇಲ್ಲಿ ಅದನ್ನು ಪರಿಹಾರವೆಂದು ಪರಿಗಣಿಸಿಲ್ಲ. ಬಿಎಸ್6 ಡೀಸೆಲ್ ಕಾರುಗಳಲ್ಲಿ ಎಕ್ಸಾಸ್ಟಿನ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕಟ್ಟಿಕೊಳ್ಳುವುದು ಮತ್ತೊಂದು ಕಾರಣ. ಅಲ್ಲಿ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ, ಪೂರ್ಣಗೊಳ್ಳದ ರೀಜನರೇಶನ್‌ಗಳಿಂದ (ಆ ಮಸಿಯನ್ನು ಸುಟ್ಟು ತೆಗೆಯುವ ಪ್ರಕ್ರಿಯೆಗಳಿಂದ) ಡೀಸೆಲ್ ಸೇರಿ ಆಯಿಲ್ ತೆಳುವಾಗಿದೆ ಎಂದು ತಿಳಿದು ಕೂಡಲೇ ಬದಲಾಯಿಸಬೇಕು.

ಟರ್ಬೊ ಮತ್ತು ಅದರ ಆಯಿಲ್

ಇಷ್ಟೆಲ್ಲ ಸರಿಯಿದ್ದ ಮೇಲೆಯೇ ಟರ್ಬೊವನ್ನು ಕೈಯಿಂದ ಮುಟ್ಟುವ ಹಂತ. ಎಂಜಿನ್ ತಣ್ಣಗಾದ ನಂತರ ಗಾಳಿ ಬರುವ ಹೋಸು ಬಿಚ್ಚಿ ಕಂಪ್ರೆಸರ್ ಚಕ್ರದ ಶಾಫ್ಟನ್ನು ಎರಡು ಬೆರಳಿನಲ್ಲಿ ಹಿಡಿಯಿರಿ. ಅಕ್ಕಪಕ್ಕಕ್ಕೆ ಅತಿ ಸ್ವಲ್ಪ ಅಲುಗಾಟ ಇರುವುದು ಸಹಜ. ಬೇರಿಂಗ್ ಆಯಿಲ್ ಪದರದ ಮೇಲೆ ತೇಲುವಂತೆ ರಚಿತವಾಗಿರುವುದರಿಂದ ಎಂಜಿನ್ ನಿಂತಾಗ ಅಷ್ಟು ಸಡಿಲ ಇರಲೇಬೇಕು. ಇದನ್ನೇ ತೋರಿಸಿ ‘ನೋಡಿ, ಆಡ್ತಿದೆ’ ಎಂದು ಹೆದರಿಸುವವರಿದ್ದಾರೆ. ನಿಜವಾದ ಅಪಾಯದ ಗುರುತು ಶಾಫ್ಟ್ ಹಿಂದೆ ಮುಂದೆ ಚಲಿಸುವುದು, ಅಥವಾ ಚಕ್ರದ ಅಂಚು ಹೊರಕವಚಕ್ಕೆ ಉಜ್ಜಿದ ಗೆರೆ ಕಾಣುವುದು. ಹೋಸಿನೊಳಗೆ ತೆಳುವಾದ ಎಣ್ಣೆಪಸೆ ಕಂಡರೆ ಗಾಬರಿ ಬೇಡ, ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಭಾಗದ, ಆಯಿಲ್ ಇರುವ ಕೋಣೆಯ) ಆವಿ ಆ ದಾರಿಯಲ್ಲೇ ಬರುತ್ತದೆ. ಹೋಸು ಬಾಗಿಸಿದಾಗ ಆಯಿಲ್ ಸುರಿದರೆ ಅದು ಬೇರೆ ಮಾತು.

ಆಗಲೂ ಸೀಲು ಹೋಗಿದೆ ಎಂದು ಕೂಡಲೇ ತೀರ್ಮಾನಿಸುವಂತಿಲ್ಲ. ಟರ್ಬೊದಿಂದ ಆಯಿಲ್ ಕೆಳಗಿಳಿಯುವುದು ಪಂಪಿನಿಂದಲ್ಲ, ತನ್ನ ಭಾರದಿಂದ. ವಾಪಸ್ ಪೈಪು ಕಟ್ಟಿಕೊಂಡಿದ್ದರೆ, ಅಥವಾ ಪಿಸ್ಟನ್ ರಿಂಗ್ ಸವೆದು ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಹೆಚ್ಚಿದ್ದರೆ, ಕೆಳಗಿಳಿಯಲಾಗದ ಆಯಿಲ್ ಒಳ್ಳೆಯ ಸೀಲನ್ನೂ ದಾಟಿ ಹೊರಬರುತ್ತದೆ. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಎಚ್ಚರದಿಂದ ಸಡಿಲಿಸಿ ನೋಡಿ. ಹೊಗೆ ಬುಸುಬುಸನೆ ನುಗ್ಗಿ ಮುಚ್ಚಳ ಕುಣಿದಾಡಿದರೆ ಮೊದಲು ಆ ಆವಿಯನ್ನು ಹೊರಬಿಡುವ ಬ್ರೀದರ್ ಪೈಪನ್ನೂ, ಸಿಲಿಂಡರುಗಳ ಕಂಪ್ರೆಶನನ್ನೂ ಪರೀಕ್ಷಿಸಬೇಕು. ಆಯಿಲ್ ಹೀಗೆ ಇನ್‌ಟೇಕಿಗೆ ಧಾರಾಳವಾಗಿ ಸೇರಿದಾಗ ಡೀಸೆಲ್ ಎಂಜಿನ್ ಅದನ್ನೇ ಉರಿಸಿಕೊಂಡು, ಕೀ ಆಫ್ ಮಾಡಿದರೂ ನಿಲ್ಲದೆ ಆರ್‌ಪಿಎಂ ಏರಿಸಿಕೊಳ್ಳುವ ಅಪಾಯವಿದೆ. ಹಾಗಾದರೆ ಬಾನೆಟ್ ಬಳಿ ಹೋಗಬೇಡಿ. ಬ್ರೇಕ್ ಬಲವಾಗಿ ಒತ್ತಿ, ಕೊನೆಯ ಗೇರಿಗೆ ಹಾಕಿ, ಕ್ಲಚ್ಚನ್ನು ಒಮ್ಮೆಲೇ ಬಿಟ್ಟು ಎಂಜಿನ್ ನಿಲ್ಲಿಸಿ.

ನಿಮಿಷಕ್ಕೆ ಎರಡು ಲಕ್ಷ ಸುತ್ತುಗಳ ಆಸುಪಾಸು ತಿರುಗಬಲ್ಲ ಇಂಥ ಸಣ್ಣ ಟರ್ಬೊಗೆ ಆಯಿಲ್ ಪದರವೇ ಆಧಾರ. ಈ ಎಂಜಿನ್ನಿನಲ್ಲಿ ಹಿಡಿಸುವುದೇ ಸುಮಾರು ಮೂರು ಲೀಟರ್, ಹಾಗಾಗಿ ಅರ್ಧ ಲೀಟರ್ ಇಳಿದರೂ ಉಳಿದದ್ದರ ಮೇಲೆ ಬೀಳುವ ಹೊರೆ ದೊಡ್ಡದು. ಟೈಮಿಂಗ್ ಬೆಲ್ಟ್ ಬದಲು ಚೈನ್ ಇರುವುದರಿಂದ ‘ಅದನ್ನು ನೋಡುವ ಅಗತ್ಯವೇ ಇಲ್ಲ’ ಎಂಬ ಮಾತು ಅರ್ಧ ಸತ್ಯ. ಕೊಳಕು ಆಯಿಲ್‌ನಲ್ಲಿ ಓಡಿದ ಚೈನ್ ಉದ್ದವಾಗಿ, ಬೆಳಗಿನ ಸ್ಟಾರ್ಟಿನಲ್ಲಿ ಕೆಲವು ಸೆಕೆಂಡು ಗಲಗಲ ಸದ್ದು ಮಾಡುತ್ತದೆ. ಆ ಸದ್ದನ್ನು ತಳ್ಳಿಹಾಕಬೇಡಿ, ಚೈನ್ ಹಲ್ಲು ಜಿಗಿದರೆ ಹಾಳಾಗುವುದು ಇಡೀ ಎಂಜಿನ್. ಎರಡು ಲಕ್ಷ ಕಿಲೋಮೀಟರಿನ ಹತ್ತಿರವಿರುವ ಕಾರಿಗೆ ಮಾಲೀಕರ ಕೈಪಿಡಿ ಹೇಳುವ ದರ್ಜೆಯ ಆಯಿಲನ್ನೇ ಹಾಕಿ, ಅಲ್ಲಿ ಹೇಳಿದ ಅವಧಿಗಿಂತ ಮೊದಲೇ ಬದಲಾಯಿಸುವುದು, ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುವುದು, ಘಟ್ಟ ಹತ್ತಿ ನಿಲ್ಲಿಸಿದಾಗ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡುವುದು, ಇವು ಟರ್ಬೊದ ಆಯುಸ್ಸಿಗೆ ಯಾವ ಬಾಟಲಿ ಔಷಧಕ್ಕಿಂತಲೂ ಮೇಲು.

ಹೊಸ ಟರ್ಬೊ ಕೂರಿಸಲೇಬೇಕಾದಾಗ

ಹಳೆಯದರ ಬೇರಿಂಗ್ ಏಕೆ ಹೋಯಿತೆಂದು ಬಿಲ್ಲಿನ ಜೊತೆ ಬರೆಸಿಕೊಳ್ಳಿ. ಆಯಿಲ್ ತರುವ ಸಪೂರ ಪೈಪು ಮತ್ತು ಅದರ ತೂತಿರುವ ಬೋಲ್ಟಿನಲ್ಲಿ ಸುಟ್ಟ ಇಂಗಾಲ ಕಟ್ಟಿಕೊಂಡಿರುವುದು ಬಹಳ ಸಾಮಾನ್ಯ, ಅದನ್ನು ತಂತಿಯಿಂದ ಕೆರೆಯುವ ಬದಲು ಹೊಸದನ್ನೇ ಹಾಕಿಸಬೇಕು. ಆಯಿಲ್ ಮತ್ತು ಫಿಲ್ಟರ್ ಕಡ್ಡಾಯವಾಗಿ ಬದಲಾಗಬೇಕು. ಹಳೆಯ ಚಕ್ರ ಮುರಿದಿದ್ದರೆ ಇಂಟರ್‌ಕೂಲರಿನೊಳಗೆ ಲೋಹದ ಚೂರುಗಳೂ, ಸೀಲು ಸೋರಿದ್ದರೆ ಕಪ್‌ಗಟ್ಟಲೆ ಆಯಿಲೂ ಇರುವುದರಿಂದ ಅದನ್ನು ಇಳಿಸಿ ತೊಳೆದು ಒಣಗಿಸದೆ ಮರುಜೋಡಿಸಬಾರದು. ಜೋಡಿಸುವ ಮುನ್ನ ಹೊಸ ಟರ್ಬೊದ ಆಯಿಲ್ ತೂತಿಗೆ ಶುದ್ಧ ಆಯಿಲ್ ತುಂಬಿ ಶಾಫ್ಟನ್ನು ಬೆರಳಿನಿಂದ ತಿರುಗಿಸಬೇಕು. ಅನಂತರ ಇಂಜೆಕ್ಟರ್ ಕನೆಕ್ಟರುಗಳನ್ನು ಬಿಡಿಸಿ, ಎಂಜಿನ್ ಹೊತ್ತಿಕೊಳ್ಳದಂತೆ ಸ್ಟಾರ್ಟರನ್ನು ಸ್ವಲ್ಪ ಸ್ವಲ್ಪ ಹೊತ್ತು ಓಡಿಸಿ, ಆಯಿಲ್ ಲೈಟು ಆರಿದ ಮೇಲೆ ಕನೆಕ್ಟರುಗಳನ್ನು ಜೋಡಿಸಿ ಸ್ಟಾರ್ಟ್ ಮಾಡಿ, ಕೆಲವು ನಿಮಿಷ ರೇಸ್ ಕೊಡದೆ ಐಡಲ್‌ನಲ್ಲಿ ಬಿಡಬೇಕು.

ಕೆಲಸ ಮುಗಿದ ಮೇಲೆ ಅದೇ ರಸ್ತೆಯಲ್ಲಿ, ಅದೇ ಮೂರನೇ ಗೇರಿನಲ್ಲಿ ಮತ್ತೆ ಅಂಕಿಗಳನ್ನು ದಾಖಲಿಸಿ ಹಿಂದಿನದರ ಪಕ್ಕದಲ್ಲಿಟ್ಟು ಹೋಲಿಸಿ. ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಹೋಸುಗಳ ಕ್ಲ್ಯಾಂಪುಗಳನ್ನು ಮತ್ತೊಮ್ಮೆ ಬಿಗಿಗೊಳಿಸಿ, ಆಯಿಲ್ ಪೈಪುಗಳ ಜೋಡಣೆಯಲ್ಲಿ ಪಸೆ ಇದೆಯೇ ಎಂದು ಒರೆಸಿ ನೋಡಿ, ಡಿಪ್‌ಸ್ಟಿಕ್‌ನ ಮಟ್ಟವನ್ನು ಗುರುತು ಹಾಕಿಕೊಳ್ಳಿ.